ಗಾಳಿ ಕೇಳುವ ಪೆಟ್ಟಿಗೆ

ಆಗಸ್ಟ್ 5, ಮಂಗಳವಾರ. ಏಕಾದಶಿ

ಉಪವಾಸದ ದಿನವೇ ಪೆಟ್ಟಿಗೆ ಬಾಯಿ ಮುಚ್ಚಿತು. ಬೆಳಿಗ್ಗೆ ಮೀನುಗಾರರ ಸಂಘದ ಆಫೀಸಿನ ಬಾಗಿಲು ತೆಗೆದು, ಕಂಪ್ಯೂಟರಿನ ಮೇಲೆ ಒಂದು ದಾಸವಾಳ ಇಟ್ಟು, ಗುಂಡಿ ಒತ್ತಿದೆ. ಗಾಳಿಯ ಪಟ್ಟಿ ಬರಬೇಕಾದ ಜಾಗದಲ್ಲಿ ಕೆಂಪು ಅಕ್ಷರದ ಒಂದೇ ಸಾಲು: ಉತ್ತರ ಬಂದಿಲ್ಲ. ಮೂರು ಸಲ ಒತ್ತಿದೆ. ಮೂರು ಸಲವೂ ಅದೇ.

ಮಳೆಗಾಲವಿಡೀ ದೋಣಿಗಳು ದಡದ ಮೇಲೇ ಇದ್ದವು, ಗಾಳಿಯ ಸುದ್ದಿ ಯಾರಿಗೂ ಬೇಕಿರಲಿಲ್ಲ. ಈಗ ಹುಣ್ಣಿಮೆಗೆ ನಾಲ್ಕೇ ದಿನ. ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟ ಮರುದಿನ ನಮ್ಮ ಹಾರವಾಡದ ಹದಿನಾಲ್ಕು ದೋಣಿ ನೀರಿಗಿಳಿಯುತ್ತವೆ. ಅದರಲ್ಲಿ ಒಂದು ನಮ್ಮ ಮನೆಯವರದ್ದು. ಎಲ್ಲವೂ ಮೂರು ಜನ ಹೋಗುವಂಥ ಸಣ್ಣ ದೋಣಿ, ಜೋರು ಗಾಳಿ ತಡೆಯುವುದಿಲ್ಲ. ನಾನು ಮೈಕಿನಲ್ಲಿ ಓದಿದ್ದನ್ನು ಕೇಳಿಕೊಂಡೇ ಅವರು ಹೊರಡುತ್ತಾರೆ. ಏಳನೇ ಇಯತ್ತೆ ಕಲಿತವಳ ಬಾಯಿಗೆ ಇಷ್ಟು ದೊಡ್ಡ ಕೆಲಸ. ಮೊಣಕಾಲು ಹೋಗಿ ಮೀನಿನ ಬುಟ್ಟಿ ಹೊರಲು ಆಗದೇ ಹೋದಾಗ, ಪುರಾಣದ ಪೋಥಿ ಸ್ಪಷ್ಟ ಓದುತ್ತಾಳೆ ಎಂದು ಸಂಘದವರು ಇಲ್ಲಿ ಕೂರಿಸಿದರು. ನಾನು ಬರೀ ಬಾಯಿ. ಹೇಳುವುದು ಪೆಟ್ಟಿಗೆ.

ಮಧ್ಯಾಹ್ನದ ಬಸ್ಸಿಗೆ ಕಾರವಾರದಿಂದ ಪ್ರೀತಿ ಬಂದಳು. ಅಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡ ಹುಡುಗಿ. ಹೋದ ವರ್ಷ ಸಂಘಕ್ಕೆ ಈ ಪ್ರೋಗ್ರಾಂ ಬರೆದುಕೊಟ್ಟವಳು ಅವಳೇ. ನಾವು ಕೇಳುತ್ತಿದ್ದ ಹಳೇ ಜಾಗ ಮುಚ್ಚಿಹೋಗಿದೆ, ಹೊಸ ಜಾಗಕ್ಕೆ ಜೋಡಿಸಬೇಕು ಎಂದಳು. ಯಾವ ಜಾಗ ಎಂದಿದ್ದಕ್ಕೆ ಬಿಡಿಸಿ ಹೇಳಿದಳು. ಗಾಳಿ ಈ ಪೆಟ್ಟಿಗೆಗೆ ತಾನಾಗಿ ಗೊತ್ತಾಗುವುದಿಲ್ಲವಂತೆ. ಎಲ್ಲೋ ದೂರದಲ್ಲಿ ಗಾಳಿಯ ಲೆಕ್ಕ ಹಾಕುವ ದೊಡ್ಡ ಯಂತ್ರ ಇದೆ. ನಮ್ಮ ಪ್ರೋಗ್ರಾಂ ಇಂಟರ್ನೆಟ್ಟಿನ ಮೇಲೆ ಅಲ್ಲಿಗೆ ಪ್ರಶ್ನೆ ಕಳಿಸುತ್ತದೆ: ಹಾರವಾಡ ಇಂಥ ಕಡೆ ಇದೆ, ಇವತ್ತು ನಾಳೆ ಗಾಳಿ ಹೇಗೆ? ಜೊತೆಗೆ ನಮ್ಮ ಗುರುತಿಗೆ ಒಂದು ಕೀಲಿ. ಕೀಲಿ ಸರಿಯಿದ್ದರೆ ಉತ್ತರ ಬರುತ್ತದೆ, ಪ್ರೋಗ್ರಾಂ ಅದನ್ನು ನನಗೆ ಓದಲು ಬರುವ ಹಾಗೆ ಸಾಲು ಸಾಲಾಗಿ ಇಡುತ್ತದೆ. ಹಾಗೆ ಕೇಳುವ ಕಿಂಡಿಗೆ ಎಪಿಐ ಎನ್ನುತ್ತಾರಂತೆ.

ಗುಡಿಯಲ್ಲಿ ಪೂಜೆ ಮಾಡುವ ಗುನಗರು ದೇವಿಯ ಮುಂದೆ ಪ್ರಸಾದ ಕೇಳಿದ ಹಾಗೆ ಅಲ್ಲವಾ ಎಂದೆ. ಮೂರ್ತಿಗೆ ಹೂವಿನ ಎಸಳು ಅಂಟಿಸಿ ಪ್ರಶ್ನೆ ಇಡುತ್ತಾರೆ; ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ. ಪ್ರೀತಿ ನಕ್ಕಳು. ಅವಳಿಗೆ ನಾನು ಮಾವಶಿ, ಚಿಕ್ಕಮ್ಮನ ಹಾಗೆ.

"ಹಾಂಗೇ ಅಂದ್ಕೊ ಮಾವಶಿ. ಕೇಳೂದು ತಪ್ಪಿದ್ರೆ ದೇವರಾದ್ರೂ ಎಂತ ಮಾಡ್ತದೆ?"

ಹೊಸ ಕೀಲಿ ನಲವತ್ತು ಅಕ್ಷರ. ನಾನು ಒಂದೊಂದೇ ಓದಿದೆ, ಅವಳು ಒತ್ತಿದಳು. ಎರಡು ಸಲ ಒಳಗೆ ಬಿಡಲಿಲ್ಲ. ಒಂದು ಸೊನ್ನೆಯನ್ನು ಓ ಎಂದು ಓದಿದ್ದೆ. ಮೂರನೇ ಸಲ ಗಾಳಿಯ ಪಟ್ಟಿ ಬಂತು. ಸಾಯಂಕಾಲ ದೇವರಿಗೆ ಒಂದು ದೀಪ ಹೆಚ್ಚು ಹಚ್ಚಿದೆ.

ಆಗಸ್ಟ್ 9, ಶನಿವಾರ. ನೂಲ ಹುಣ್ಣಿಮೆ

ಇವರು ಜನಿವಾರದ ದಿನ ಎಂದು ತಲೆಗೆ ಎಣ್ಣೆ ಹಚ್ಚಿ ಮಿಂದು, ಸಮುದ್ರಕ್ಕೆ ಕಾಯಿ ಕೊಟ್ಟು ಬಂದರು. ಮನೆಯಲ್ಲಿ ತೆಂಗಿನಕಾಯಿ ಹಾಕಿದ ಕಾಯನ್ನ. ಐದು ಗಂಟೆಗೆ ಮೈಕಿನಲ್ಲಿ ಗಾಳಿಯ ಸಾಲುಗಳನ್ನು ಓದಿದೆ.

ಪಟ್ಟಿಯ ಕೊನೆಯ ಸಾಲು ಭರತಿ-ಇಳಿತದ್ದು, ಸಮುದ್ರದ ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದು. ಅದನ್ನು ಓದುವುದಿಲ್ಲ, ಅಲ್ಲಿಯವರೆಗೆ ಇಳಿಯುವುದೂ ಇಲ್ಲ. ಹೋದ ವರ್ಷ ಮೊದಲ ದಿನ ಓದಿದ್ದಕ್ಕೆ ದಡವಿಡೀ ನಕ್ಕಿತ್ತು. ನಮ್ಮವರಿಗೆ ತಿಥಿ ಗೊತ್ತಿದ್ದರೆ ನೀರೂ ಗೊತ್ತು. ಹುಣ್ಣಿಮೆ ಅಮಾವಾಸ್ಯೆಗೆ ಹನ್ನೊಂದರ ಸುಮಾರಿಗೆ ಭರತಿ, ಆಮೇಲೆ ದಿನಕ್ಕೆ ಎರಡು ಗಳಿಗೆ, ಅಂದರೆ ಮುಕ್ಕಾಲು ತಾಸು, ತಡ. ಇವರ ದೊಡ್ಡಪ್ಪನ ಮಗ, ಅರವತ್ತು ದಾಟಿದ ಬೊಮ್ಮು ಅವತ್ತು ಕಿಟಕಿಗೇ ಬಂದು ಹೇಳಿದ್ದ: "ಭರತಿ ಹೇಳೂಕೂ ಮೈಕ್ ಬೇಕಾ ಹೀರಾ? ನಾಳೆ ನೀ ನಮ್ಗೆ ಉಣ್ಣೂಕೂ ಕಲಿಸ್ತೆ ಕಾಣ್ತದೆ." ಅಲ್ಲಿಗೆ ಬಿಟ್ಟೆ.

ಆಗಸ್ಟ್ 12, ಮಂಗಳವಾರ

ನಿನ್ನೆ ಓದಿದ್ದು: ರಾತ್ರಿ ಮೂರರಿಂದ ಐದರವರೆಗೆ ಜೋರು ಗಾಳಿ, ನಂತರ ಶಾಂತ. ಅದನ್ನು ನಂಬಿ ಇವತ್ತು ಆರಕ್ಕೆ ಎಲ್ಲ ದೋಣಿ ಹೋದವು. ರಾತ್ರಿ ಒಂದು ಎಲೆಯೂ ಅಲುಗಿರಲಿಲ್ಲ. ಎಂಟೂವರೆಗೆ ಗಾಳಿ ಎದ್ದಿತು. ಬಿಸಿಲೂ ಮರೆಯಾಯಿತು. ದಡದಲ್ಲಿ ನಿಂತ ಹೆಂಗಸರು ಒಂದೊಂದೇ ದೋಣಿ ಎಣಿಸುತ್ತಿದ್ದರು, ನಾನು ಆಫೀಸಿನ ಕಿಟಕಿಯಿಂದ ಎಣಿಸುತ್ತಿದ್ದೆ. ಹದಿಮೂರು ಬಂದು ಎಷ್ಟೋ ಹೊತ್ತಿನ ಮೇಲೆ ಹದಿನಾಲ್ಕನೆಯದು ಬಂತು. ಹದಿನಾಲ್ಕನೆಯದು ನಮ್ಮದೇ. ಇವರ ಜೊತೆ ಹೋಗುವ ರೂಪೇಶನ ಎರಡು ಬೆರಳು ದೋಣಿಯಂಚಿಗೆ ಸಿಕ್ಕಿ ಜಜ್ಜಿದವು. ಪಕ್ಕದ ಮನೆಯ ಕಿಶನ ಬಲೆ ಕಡಿದು ಸಮುದ್ರದಲ್ಲೇ ಬಿಟ್ಟು ಬಂದ.

ಇವರು ದೋಣಿಯ ನೀರು ತೋಡಿ ಹಾಕಿ ಮನೆಗೆ ಹೋದರು. ಬೈದಿದ್ದರೆ ಒಳ್ಳೆಯದಿತ್ತು.

ಆಗಸ್ಟ್ 13

ಜಪಕ್ಕೆ ಕೂತರೆ ಮಣಿ ಎಣಿಕೆ ತಪ್ಪುತ್ತದೆ. ಎದ್ದೆ, ಕೂತೆ, ಮತ್ತೆ ಎದ್ದೆ. ಬೈತಖೋಲದಿಂದ ತಂಗಿ ರಂಜನಾ ಫೋನು ಮಾಡಿದಳು; ಅಲ್ಲೂ ನಿನ್ನೆ ಎಂಟೂವರೆಯಿಂದ ಟ್ರಾಲರುಗಳು ಬಂದರಿನೊಳಗೆ ಓಡಿಬಂದವಂತೆ. ಸಂಘದ ಕಾರ್ಯದರ್ಶಿ ಗುರುಪ್ರಸಾದರು, ಹವಾಮಾನ ಅಂದರೆ ಹಾಗೇ, ಹೆಚ್ಚುಕಡಿಮೆ ಆಗುತ್ತದೆ ಎಂದರು. ರೂಪೇಶನ ಬೆರಳು ಊದಿ ಬದನೆಕಾಯಿಯಾಗಿದೆ.

ಆಗಸ್ಟ್ 16, ಶನಿವಾರ. ಅಷ್ಟಮಿ

ಇವತ್ತು ಉಲ್ಟಾ. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಗಾಳಿ ಎಂದು ಪೆಟ್ಟಿಗೆ ಹೇಳಿತು, ನಾನು ಓದಿದೆ, ಯಾರೂ ಹೋಗಲಿಲ್ಲ. ಸಮುದ್ರ ಎಣ್ಣೆ ಸುರಿದ ಹಾಗೆ ಮಲಗಿತ್ತು. ಪಕ್ಕದ ಊರು ಕೇಣಿಯವರು ಬುಟ್ಟಿ ತುಂಬಾ ಬಂಗಡೆ ಹಿಡಿದು ಅಂಕೋಲೆ ಪೇಟೆಗೆ ಒಯ್ದರಂತೆ. ಮಧ್ಯಾಹ್ನ ಎರಡೂವರೆಗೆ ಗಾಳಿ ಬಂತು. ಬಂದು ಯಾರಿಗೇನು ಉಪಯೋಗ?

ಬೊಮ್ಮು ಕಿಟಕಿಯಲ್ಲಿ ತಲೆ ಹಾಕಿ, "ನಿನ್ನ ಪೆಟ್ಟಿಗೆಗೆ ಉಪವಾಸ ಹೆಚ್ಚಾಯ್ತು ಹೀರಾ. ಎಂತಾದ್ರೂ ತಿನ್ನಸು" ಎಂದ. ನಾನು ಕೃಷ್ಣಾಷ್ಟಮಿಯ ಉಪವಾಸದಲ್ಲಿದ್ದೆ, ಅವನಿಗೆ ಗೊತ್ತು. ಎಲ್ಲರೂ ನಕ್ಕರು. ಸಾಯಂಕಾಲ ಮೈಕಿನಲ್ಲಿ ಓದುವಾಗ ದಡದಲ್ಲಿ ಯಾರೂ ಕಿವಿಗೊಡಲಿಲ್ಲ. ಬಲೆ ಹೊಲಿಯುವವರು ಹೊಲಿಯುತ್ತಲೇ ಇದ್ದರು.

ಇನ್ನೊಂದು ಸಲ ನಿಜವಾದ ಗಾಳಿ ಬಂದು, ನಾನು ಹೇಳಿ, ಅವರು ಕೇಳದೇ ಹೋದರೆ? ಅದೊಂದೇ ತಲೆಯಲ್ಲಿ.

ಆಗಸ್ಟ್ 19, ಮಂಗಳವಾರ. ಏಕಾದಶಿ

ಮಧ್ಯಾಹ್ನ ಮನೆಯಲ್ಲಿ ಕೂರಲಾಗದೆ ಆಫೀಸಿಗೆ ಹೋಗಿ, ಮೇಜು ಒರೆಸಿದೆ. ಬಟ್ಟೆ ಮೌಸಿಗೆ ತಾಗಿ ಪಟ್ಟಿ ತಾನಾಗಿ ಕೆಳಗೆ ಸರಿಯಿತು. ಕೊನೆಯ ಸಾಲು ಕಂಡಿತು. ಭರತಿ: ಮಧ್ಯಾಹ್ನ ಒಂದೂವರೆ.

ಗಡಿಯಾರ ನೋಡಿದೆ. ಒಂದು ಇಪ್ಪತ್ತೈದು. ಕಿಟಕಿಯ ಹೊರಗೆ ನೀರು ದೂರ ಹಿಂದೆ ಹೋಗಿತ್ತು. ಕೇರಿಯ ಹೆಂಗಸರು ಕೆಸರಿನಲ್ಲಿ ಬಗ್ಗಿ ಬೆಳಚಿನ ಚಿಪ್ಪುಮೀನು ಹೆಕ್ಕುತ್ತಿದ್ದರು. ಭರತಿಯಲ್ಲಿ ಯಾರಾದರೂ ಬೆಳಚು ಹೆಕ್ಕುತ್ತಾರಾ?

ಏಕಾದಶಿಗೆ ಭರತಿ ಬೆಳಿಗ್ಗೆ ಏಳರ ಹೊತ್ತಿಗೆ, ಮತ್ತೆ ಸಾಯಂಕಾಲ ಏಳರ ಹೊತ್ತಿಗೆ. ಇದು ನನ್ನ ಅಜ್ಜಿಗೂ ಗೊತ್ತಿತ್ತು. ಒಂದೂವರೆಯಿಂದ ಏಳಕ್ಕೆ ಐದೂವರೆ ತಾಸು. ಮೊದಲು ನನ್ನದೇ ತಪ್ಪು ಎಂದುಕೊಂಡು ಪಂಚಾಂಗ ತೆಗೆದು ನೋಡಿದೆ. ತಿಥಿ ಸರಿಯಿತ್ತು. ಆಮೇಲೆ ಬೆರಳು ಮಡಚಿದೆ. ಗಾಳಿ ಮೂರಕ್ಕೆ ಎಂದಿತ್ತು, ಎಂಟೂವರೆಗೆ ಬಂತು. ಒಂಬತ್ತಕ್ಕೆ ಎಂದಿತ್ತು, ಎರಡೂವರೆಗೆ ಬಂತು. ಐದೂವರೆ. ಮತ್ತೆ ಐದೂವರೆ.

ಗಾಳಿ ತಪ್ಪಿರಲಿಲ್ಲ. ಹೊತ್ತು ತಪ್ಪಿತ್ತು. ಅದು ದಿನಾ ಕೊನೆಯ ಸಾಲಿನಲ್ಲೇ ಇತ್ತು, ನಾನು ಇಳಿದು ನೋಡಿರಲಿಲ್ಲ.

ಆಗಸ್ಟ್ 20

ಪ್ರೀತಿಗೆ ಫೋನು ಮಾಡಿದೆ. ಅವಳು ಹಣಕೋಣದಲ್ಲಿ ಅಕ್ಕನ ಬಾಣಂತನಕ್ಕೆ ಹೋಗಿದ್ದಾಳೆ, ಮಾತು ತುಂಡು ತುಂಡಾಗಿ ಕೇಳುತ್ತದೆ. ಅಲ್ಲಿಂದ ಬಂದದ್ದನ್ನೇ ಪ್ರೋಗ್ರಾಂ ತೋರಿಸುವುದು, ತಪ್ಪಾಗುವುದಿಲ್ಲ, ಮುಂದಿನ ವಾರ ಬಂದು ನೋಡ್ತೆ ಎಂದಳು. ನಾನು ಬೆಳಚಿನ ವಿಷಯ ಹೇಳುವಾಗ ಲೈನ್ ಕಡಿದುಹೋಯಿತು. ಮತ್ತೆ ಆರು ಸಲ ಮಾಡಿದೆ, ತಾಗಲಿಲ್ಲ.

ಆಗಸ್ಟ್ 21, ಗುರುವಾರ

ಗುರುಪ್ರಸಾದರಿಗೆ ಹೇಳಿದೆ. ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಹೀರಾಬಾಯಿ, ನೀವು ಓದೂದು ಮಾತ್ರ. ನಿಮ್ಮ ಲೆಕ್ಕ ಸೇರಸಿ ಹೇಳಿ, ಯಾರಿಗಾದ್ರೂ ಎಂತಾದ್ರೂ ಆದ್ರೆ ಉತ್ತರ ಕೊಡೋರು ಯಾರು? ಪ್ರೀತಿ ಬರೂವರೆಗೆ ಇದ್ದದ್ದನ್ನ ಇದ್ದ ಹಾಂಗೆ ಓದಿ."

ಅವರು ಹೇಳಿದ್ದು ಸರಿಯೇ. ಕಲಿತವರು. ಆದರೆ ಇದ್ದ ಹಾಗೆ ಓದಿ ಯಾರಿಗಾದರೂ ಏನಾದರೂ ಆದರೆ? ಅದಕ್ಕೆ ಉತ್ತರ ಯಾರದ್ದು? ಇದನ್ನು ಅಲ್ಲೇ ಕೇಳಬೇಕಿತ್ತು. ಮನೆಗೆ ಬಂದ ಮೇಲೆ ನೆನಪಾಯಿತು. ದೇವರ ದಯೆ, ಈ ಮೂರು ನಾಲ್ಕು ದಿನ ಗಾಳಿಯೇ ಇಲ್ಲ.

ಆಗಸ್ಟ್ 24, ಭಾನುವಾರ

ಬಂತು. ಪೆಟ್ಟಿಗೆಯಲ್ಲಿ ಇವತ್ತು: ರಾತ್ರಿ ಒಂದೂವರೆಯಿಂದ ನಾಲ್ಕರವರೆಗೆ ಭಾರೀ ಗಾಳಿ. ನಂತರ ಶಾಂತ. ನನ್ನ ಲೆಕ್ಕದಲ್ಲಿ ನಾಳೆ ಬೆಳಿಗ್ಗೆ ಏಳರಿಂದ ಒಂಬತ್ತೂವರೆ. ದೋಣಿಗಳು ಆರಕ್ಕೆ ಹೊರಡುತ್ತವೆ.

ಐದು ಗಂಟೆಗೆ ಗುರುಪ್ರಸಾದರು ಪಕ್ಕದಲ್ಲೇ ನಿಂತಿದ್ದರು. ಇದ್ದ ಹಾಗೆ ಓದಿದೆ.

ಸೀದಾ ದೇವಿಯ ಗುಡಿಗೆ ಹೋದೆ. ಗುನಗರು ಬಾಗಿಲು ಹಾಕುವವರಿದ್ದರು. ಕಾಡಿ ಬೇಡಿ ಪ್ರಸಾದ ಕೇಳಿಸಿದೆ: ನಾಳೆ ದೋಣಿ ಹೋಗಬಹುದಾ? ಎಸಳು ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ. ಅರ್ಧ ತಾಸು ನಿಂತೆವು. ಗುನಗರಿಗೆ ಮನೆಗೆ ಹೋಗುವ ಅವಸರ.

"ನಿಂಗೆ ಗೊತ್ತಿದ್ದದ್ದನ್ನೇ ಕೇಳೂಕೆ ಬಂದ್ರೆ ಅವಳು ಮಾತಾಡೂದಿಲ್ಲ ತಂಗಿ," ಎಂದು ದೀಪ ಸಣ್ಣದು ಮಾಡಿದರು.

ಮನೆಯಲ್ಲಿ ಇವರಿಗೆ ಹೇಳಬೇಕೆಂದು ಬಾಯಿ ತೆರೆದೆ. ನಮ್ಮಲ್ಲಿ ಸಮುದ್ರಕ್ಕೆ ಹೊರಟವರನ್ನು ಹೆಂಗಸು ತಡೆಯುವುದಿಲ್ಲ. ಯಾವಾಗ ಬರ್ತೀರಿ ಎಂದೂ ಕೇಳುವುದಿಲ್ಲ. ಹಿಂದಿನಿಂದ ಕೂಗುವುದಂತೂ ಇಲ್ಲವೇ ಇಲ್ಲ. ಮದುವೆಯಾದ ಮೊದಲ ವಾರದಲ್ಲಿ ಅತ್ತೆ ಕಲಿಸಿದ್ದು. ಇಪ್ಪತ್ತೊಂಬತ್ತು ವರ್ಷ ತಪ್ಪಿಲ್ಲ. ಇವರು ಉಂಡು ಕೈ ತೊಳೆದರು. ನಾನು ಪಾತ್ರೆ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಆಗಸ್ಟ್ 25, ಸೋಮವಾರ

ಮಧ್ಯಾಹ್ನ ಬರೆಯುತ್ತಿದ್ದೇನೆ.

ರಾತ್ರಿ ಗಾಳಿ ಇರಲಿಲ್ಲ. ಇರುವುದಿಲ್ಲ ಎಂದು ಗೊತ್ತಿತ್ತು. ಬೆಳಿಗ್ಗೆ ಐದೂವರೆಗೆ ಆಫೀಸಿಗೆ ಹೋದೆ. ಪೆಟ್ಟಿಗೆಯಲ್ಲಿ ನಿನ್ನೆಯ ಸಾಲೇ. ಗುರುಪ್ರಸಾದರು ಬೆಳಿಗ್ಗೆ ಬರುವುದಿಲ್ಲ. ಕಿಟಕಿಯಲ್ಲಿ ನಿಂತೆ. ಒಂದೊಂದೇ ದೋಣಿ ನೀರಿಗೆ ನೂಕಿದರು. ಆರನೆಯದು ನಮ್ಮದು. ಇವರು ಹಿಂದೆ ಎಂಜಿನ್ನಿನ ಹತ್ತಿರ ಕೂತಿದ್ದರು, ದಡಕ್ಕೆ ಬೆನ್ನು ಮಾಡಿ. ಆ ಬೆನ್ನು ನೋಡುತ್ತ ಮೈಕಿನ ಗುಂಡಿ ಯಾವಾಗ ಒತ್ತಿದೆನೋ ಗೊತ್ತಿಲ್ಲ.

"ಯಾರೂ ಹೋಗಬೇಡಿ. ಏಳು ಗಂಟೆಗೆ ಗಾಳಿ ಬರ್ತದೆ. ನಿನ್ನೆ ಓದಿದ್ದು ತಪ್ಪು. ಇದು ಪೆಟ್ಟಿಗೆ ಹೇಳೂದಲ್ಲ, ಹೀರಾ ಹೇಳೂದು."

ಹಿಂದಿನಿಂದ ಕೂಗಿದೆ. ಅದೂ ಮೈಕಿನಲ್ಲಿ, ಇಡೀ ಕೇರಿಗೆ ಕೇಳುವಂತೆ. ದಡದಲ್ಲಿದ್ದ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಬೊಮ್ಮು ನೀರಿಗೆ ಉಗಿದು ಎಂಜಿನ್ ಜೋರು ಮಾಡಿ ಹೋಗಿಯೇ ಬಿಟ್ಟ. ಅವನ ಹಿಂದೆ ಜಗದೀಶನ ದೋಣಿ. ನಮ್ಮ ದೋಣಿ ನಿಂತಿತು. ತೆರೆಯ ಮೇಲೆ ಎರಡು ಸಲ ಏರಿ ಇಳಿಯಿತು. ಆಮೇಲೆ ತಿರುಗಿತು.

ಇವರು ಅಲ್ಲಿ ಏನೆಂದರು ಎಂಬುದನ್ನು ರೂಪೇಶ ಆಮೇಲೆ ಹೇಳಿದ. "ಇಷ್ಟು ವರ್ಷದಲ್ಲಿ ಅವಳು ಒಂದ್ಸಲನೂ ಕರೀಲಿಲ್ಲ. ಇವತ್ತು ಕರದ್ಲು ಅಂದ್ರೆ ಎಂತದೋ ಅದೆ. ತಿರಗ್ಸ್ತೆ."

ಇವರು ತಿರುಗಿದ್ದು ನೋಡಿ ಉಳಿದವರೂ ತಿರುಗಿದರು. ಹನ್ನೆರಡು ದೋಣಿ ದಡದಲ್ಲಿ.

ಏಳಾಯಿತು. ಗಾಳಿ ಇಲ್ಲ. ಏಳೂ ಕಾಲು. ಸಮುದ್ರ ಮಗು ಮಲಗಿದ ಹಾಗೆ. ಗಂಡಸರು ದೋಣಿಗೆ ಒರಗಿ ನನ್ನ ಕಿಟಕಿಯ ಕಡೆಯೇ ನೋಡುತ್ತಿದ್ದರು. ಕಿಶನ ಹತ್ತಿರ ಬಂದು, "ಹೀರಕ್ಕ, ಗಾಳಿ ಕಾರವಾರ ಬಸ್ಸಿಗೆ ಬರ್ತದಾ?" ಎಂದ. ನಾನು ದೇವಿಯ ಹೆಸರು ಹೇಳುತ್ತಿದ್ದೆ, ಆದರೆ ಏನು ಬೇಡಬೇಕು? ಗಾಳಿ ಬರಲಿ ಎಂದರೆ ಇಬ್ಬರ ದೋಣಿ ಹೊರಗೆ. ಬಾರದಿರಲಿ ಎಂದರೆ ಮುಂದೆ ಯಾರೂ ನನ್ನ ಮಾತು ಕೇಳುವುದಿಲ್ಲ. ಕೊನೆಗೆ ಬಾರದಿರಲಿ ಎಂದೇ ಬೇಡಿದೆ.

ಏಳು ನಲವತ್ತಕ್ಕೆ ಬಂತು. ತೆಂಗಿನ ಗರಿಗಳು ಒಮ್ಮೆಗೇ ತಿರುಗಿ ಬಿಳೀ ಹೊಟ್ಟೆ ತೋರಿಸಿದವು. ಮರಳು ಎದ್ದು ಕಿಟಕಿಗೆ ಬಡಿಯಿತು. ಸಮುದ್ರ ನೋಡುತ್ತಿದ್ದ ಹಾಗೇ ಬಣ್ಣ ಬದಲಿಸಿತು. ದಡದಲ್ಲಿದ್ದ ದೋಣಿಯನ್ನೇ ಆರು ಜನ ಹಿಡಿದುಕೊಂಡು ನಿಲ್ಲಬೇಕಾಯಿತು.

ಜಗದೀಶ ಹತ್ತು ಗಂಟೆಗೆ ಬಂದ, ಅರ್ಧ ದೋಣಿ ನೀರು. ಬೊಮ್ಮುವಿನ ಸುದ್ದಿ ಇಲ್ಲ. ಅವನ ಹೆಂಡತಿ ನನ್ನ ಕಿಟಕಿಯ ಸರಳು ಹಿಡಿದು ನಿಂತವಳು ಅಲುಗಲಿಲ್ಲ. ನಾನೂ ಒಳಗಿನಿಂದ ಅದೇ ಸರಳು ಹಿಡಿದು ನಿಂತೆ. ಹನ್ನೊಂದೂವರೆಗೆ ರಂಜನಾಳ ಫೋನು: ಹಾರವಾಡದ ಒಂದು ದೋಣಿ ಗಾಳಿಗೆ ತೇಲಿಕೊಂಡು ಬೈತಖೋಲಕ್ಕೆ ಬಂದು ಬಿದ್ದಿದೆ, ಮೂವರೂ ಇದ್ದಾರೆ, ಮುದುಕ ಚಾ ಕುಡಿಯುತ್ತಾ ಎಲ್ಲರಿಗೂ ಬೈಯುತ್ತಿದ್ದಾನೆ.

ನಾನು ಹೇಳುವ ಮೊದಲೇ ಬೊಮ್ಮುವಿನ ಹೆಂಡತಿಗೆ ಗೊತ್ತಾಯಿತು. ಇಬ್ಬರೂ ಅತ್ತೆವು.

ಆಗಸ್ಟ್ 26, ಮಂಗಳವಾರ. ಗೌರಿ ಹಬ್ಬ

ಮನೆಯ ದಾಸವಾಳ ಎಲ್ಲ ಗೌರಿಗೇ ಆಯಿತು, ಆಫೀಸಿಗೆ ಉಳಿಯಲಿಲ್ಲ.

ಪ್ರೀತಿ ಮೊದಲ ಬಸ್ಸಿಗೆ ಬಂದಳು. ಹತ್ತು ನಿಮಿಷದಲ್ಲಿ ಹಿಡಿದಳು. ಹೊಸ ಜಾಗದವರು ಇಡೀ ಜಗತ್ತಿಗೆ ಒಂದೇ ಗಡಿಯಾರದ ಹೊತ್ತಿನಲ್ಲಿ ಉತ್ತರ ಕೊಡುತ್ತಾರಂತೆ, ಇಂಗ್ಲೆಂಡಿನ ಕಡೆಯದು. ನಮ್ಮದು ಅದಕ್ಕಿಂತ ಐದೂವರೆ ತಾಸು ಮುಂದೆ. ಹಳೇ ಜಾಗದವರು ನಮ್ಮ ಹೊತ್ತಿನಲ್ಲೇ ಹೇಳುತ್ತಿದ್ದರು, ಇವರು ಹಾಗಲ್ಲ. ನಮ್ಮ ಪ್ರೋಗ್ರಾಂ ತಾನೇ ಕೂಡಿಸಿಕೊಳ್ಳಬೇಕಿತ್ತು. "ಒಂದು ಸಾಲು ಮಾವಶಿ. ಒಂದೇ ಸಾಲು ಬರೀಬೇಕಿತ್ತು," ಎಂದು ಮುಖ ಮುಚ್ಚಿಕೊಂಡಳು. ಹಬ್ಬದ ದಿನ ಹೆಣ್ಣುಮಗಳು ಅಳಬಾರದು. ಪಾಯಸ ತಂದು ಕುಡಿಸಿದೆ.

"ಅಳೂದು ಆಮೇಲೆ. ಭರತಿ ಸಾಲನ್ನ ಎಲ್ಲಕ್ಕಿಂತ ಮೇಲೆ ತಕ್ಕೊಂಡು ಬಾ."

ಅದನ್ನು ಯಾರೂ ಓದುವುದಿಲ್ಲವಲ್ಲ ಎಂದಳು.

"ನಾ ಓದ್ತೆ. ನಮ್ಗೆ ಗೊತ್ತಿದ್ದದ್ದನ್ನ ಅದು ಸರಿ ಹೇಳ್ತದಾ ಕಾಣ್ಬೇಕು ಮೊದ್ಲು. ಆಮೇಲೆ ಗೊತ್ತಿಲ್ಲದ್ದನ್ನ ಕೇಳೂದು."

ಅವಳು ಕೂತು ಒತ್ತತೊಡಗಿದಳು.

ಗುರುಪ್ರಸಾದರು ಬಂದು, ಸಂಘದ ಪುಸ್ತಕದಲ್ಲಿ ಯಂತ್ರದ ತೊಂದರೆ ಎಂದು ಬರೆಯುತ್ತೇನೆ, ಸಾಕಲ್ಲ ಎಂದರು. ಸಾಲದು ಎಂದೆ. ಒಂದು ಸಾಲು ಪ್ರೀತಿ ಬಿಟ್ಟಿದ್ದಳು, ಒಂದು ಸಾಲು ನಾನು ನಗುವವರಿಗೆ ಹೆದರಿ ಒಂದು ವರ್ಷ ಓದದೇ ಬಿಟ್ಟಿದ್ದೆ, ಎಚ್ಚರಿಸಿದ ಮೇಲೂ ಇದ್ದ ಹಾಗೆ ಓದಿ ಎಂದವರು ನೀವು. ಮೂರೂ ಬರೆಯಿರಿ. ಅವರು ಕನ್ನಡಕ ಒರೆಸಿದರು. ಬರೆದರು. ನಾನು ಓದಿ ನೋಡಿ, ಸರಿ ಎಂದೆ.

ಆಗಸ್ಟ್ 31, ಭಾನುವಾರ

ಚೌತಿ ಮುಗಿಯಿತು, ಗಣಪತಿಯನ್ನು ಬಿಟ್ಟಾಯಿತು. ಇವತ್ತು ಮತ್ತೆ ದೋಣಿ.

ಐದು ಗಂಟೆಗೆ ಇವರು ಗಂಜಿ ಉಂಡು, ಬುತ್ತಿ ತೆಗೆದುಕೊಂಡು ಬಾಗಿಲವರೆಗೆ ಹೋದವರು ಜಗಲಿಯಲ್ಲಿ ಕೂತುಬಿಟ್ಟರು. ಮೈ ಸರಿಯಿಲ್ಲವೇನೋ ಎಂದು ಹೊರಗೆ ಬಂದೆ.

"ನೀ ಹೋಗಿ ಕಂಡ್ಕಂಡು ಬಾ," ಎಂದರು. "ನಾ ಕೂತಿರ್ತೆ."

ದೇವರಿಗೆ ದೀಪ ಹಚ್ಚಿದೆ. ಕೂದಲು ಕಟ್ಟಿಕೊಂಡೆ. ಓಡಲಿಲ್ಲ, ಮೊಣಕಾಲು ಕೇಳಬೇಕಲ್ಲ. ಆಫೀಸಿನಲ್ಲಿ ಎಲ್ಲ ಸಾಲು ನೋಡಿದೆ. ಗಾಳಿ ಹನ್ನೊಂದರ ನಂತರ. ಮೈಕಿನಲ್ಲಿ ಹೇಳಿದ್ದರೆ ಮನೆಗೂ ಕೇಳುತ್ತಿತ್ತು, ಆದರೂ ಮೊದಲು ಮನೆಗೆ ಬಂದೆ. ಇವರು ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಹಾಗೇ ಕೂತಿದ್ದರು.

ಹತ್ತರೊಳಗೆ ಬರಬೇಕು ಎಂದೆ.

ಹೂಂ ಎಂದು ಎದ್ದರು.

ಒಂಬತ್ತು ಮುಕ್ಕಾಲಿಗೆ ದೋಣಿ ದಡ ಹತ್ತಿತು. ಬಂಗಡೆ ಅರ್ಧ ಬುಟ್ಟಿಯೂ ಇರಲಿಲ್ಲ. ಇವತ್ತಿನ ಸಾರಿಗೆ ಸಾಕು.